ಗಾಳಕ್ಕೆ ಜೋಳದ ಹಿಟ್ಟು

ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಕೈಯಿಂದ ಹಿಂಗಿನ ವಾಸನೆ ಹೋಗುತ್ತಿಲ್ಲ. ಒಗ್ಗರಣೆಗೆ ಹಾಕುವ ಚಿಟಿಕೆ ಹಿಂಗಾದರೆ ಯಾರು ಬೇಡವೆನ್ನುತ್ತಾರೆ? ಇದು ಜೋಳದ ಹಿಟ್ಟಿಗೆ ಚಮಚದಲ್ಲಿ ಸುರಿದು, ಬೆಳ್ಳುಳ್ಳಿ ಜಜ್ಜಿ ಹಾಕಿ, ನೀರು ಚಿಮುಕಿಸಿ ನಾದಿದ ಹಿಂಗು. ಬಾಗಿಲು ತೆರೆದರೆ ಮೆಟ್ಟಿಲಿಳಿದು ಕೆಳಗಿನ ಮನೆಯವರೆಗೂ ಹೋಗುತ್ತದೆ. ಹೊರಗೆ ನಾಗಪುರದ ಬಿಸಿಲು, ಒಳಗೆ ಕೂಲರಿನ ಹಸಿಹುಲ್ಲಿನ ಮುಗ್ಗಲು, ಅದರ ಮೇಲೆ ಇದು. ಬುದ್ಧಿ ನೆಟ್ಟಗಿರುವ ಹೆಂಗಸೊಬ್ಬಳು ಮೇ ತಿಂಗಳಲ್ಲಿ ಈ ಊರಲ್ಲಿ ಯಾಕಿದ್ದಾಳೆ, ಇದನ್ನು ಯಾಕೆ ನಾದುತ್ತಿದ್ದಾಳೆ ಎಂದು ನೀವು ಕೇಳಬೇಕು. ಕೇಳಿ. ಹೇಳದಿದ್ದರೆ ನನಗೂ ತಡೆಯದು.

ಎಲ್ಲದಕ್ಕೂ ಕಾರಣ ಒಂದು ಮೀನು. ನಾವು ಮೀನು ತಿನ್ನುವವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದ ಲಿಂಗಾಯತರ ಮನೆ. ಮೊಟ್ಟೆಯ ಟ್ರೇ ಹೊತ್ತವನು ಎದುರು ಬಂದರೂ ನಮ್ಮತ್ತೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಅಂಥವರ ಮಗ, ಅಂದರೆ ನಮ್ಮನೆಯವರು, ರೈಲ್ವೆ ನೌಕರಿಯಲ್ಲಿ ನಾಗಪುರಕ್ಕೆ ವರ್ಗವಾಗಿ ಬಂದು, ಬಜಾಜ್ ನಗರದಲ್ಲಿ ಮನೆ ಮಾಡಿ, ಆಫೀಸಿನ ಯಾರದೋ ಸಹವಾಸದಿಂದ ಗಾಳ ಹಿಡಿದರು. ಆಗಲೇ ನಾನು ಹೌಹಾರಿದ್ದೆ. “ನಾ ಏನ್ ತಿಂತೀನೇನು? ಹಿಡೀತೀನಿ, ನೋಡ್ತೀನಿ, ಬಿಡ್ತೀನಿ” ಅಂದರು. ಬಿಡುವುದಕ್ಕಾಗಿ ಹಿಡಿಯುವುದೇಕೆ ಎಂದು ನಾನು ಕೇಳಿದರೆ, “ನೀ ದಿನಾ ರಂಗೋಲಿ ಹಾಕಿ ಮರುದಿನ ಅಳಸಂಗಿಲ್ಲೇನು?” ಎಂದು ನನ್ನ ಬಾಯಿ ಮುಚ್ಚಿಸಿದರು. ಈ ಮನುಷ್ಯನ ಹತ್ತಿರ ಮಾತಿಗೆ ಮಾತ್ರ ಎಂದೂ ಬರ ಬಿದ್ದಿಲ್ಲ.

ಅವರು ಬೆನ್ನು ಹತ್ತಿದ್ದು ಬಾಳೆಮೀನಿಗೆ. ನೀವು ನೋಡಿರಲಿಕ್ಕಿಲ್ಲ. ಮೈಮೇಲೆ ಹುರುಪೆಯಿಲ್ಲ, ತಲೆ ಚಪ್ಪಟೆ, ಬಾಯಿ ಕಿವಿಯಿಂದ ಕಿವಿಯವರೆಗೆ, ಮೇಲೆ ಎರಡು ಉದ್ದ ಮೀಸೆ. ಒಟ್ಟಿನಲ್ಲಿ ನಿದ್ದೆಗೆಟ್ಟ ಫೌಜದಾರನ ಮುಖ. ಇದನ್ನು ಯಾವಾಗ ಹಿಡಿಯಬೇಕು, ಎಲ್ಲಿ ಹಿಡಿಯಬೇಕು ಎಂಬುದರ ಬಗ್ಗೆ ನಮ್ಮನೆಯವರು ಕೊಟ್ಟಷ್ಟು ಭಾಷಣವನ್ನು ಯಾವ ಮಂತ್ರಿಯೂ ಕೊಟ್ಟಿರಲಾರ. ಚಳಿಗಾಲದಲ್ಲಿ ಅದು ತಳದ ಕೆಸರಿಗೆ ಹೊಟ್ಟೆ ಹಚ್ಚಿ ಮಲಗಿರುತ್ತದಂತೆ, ಏಳುವುದಿಲ್ಲ. ಹೋಳಿ ಕಳೆದು ನೀರು ಬೆಚ್ಚಗಾದ ಮೇಲೆ ಹಸಿವು ಹುಟ್ಟುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಕೆರೆ ಬತ್ತಿ ಬತ್ತಿ ತೂಬಿನ ಬುಡದ ಮಡುವೊಂದೇ ಆಳ ಉಳಿಯುತ್ತದಲ್ಲ, ದೊಡ್ಡವೆಲ್ಲ ಅಲ್ಲಿಗೇ ಸೇರುತ್ತವೆ. ಹಗಲು ಏರಿಯ ಕಲ್ಲುಗಳ ಸಂದಿನಲ್ಲಿ ಅಡಗಿದ್ದು, ಹೊತ್ತು ಮುಳುಗುವಾಗ ಬೇಟೆಗೆ ಹೊರಬೀಳುತ್ತವೆ. ಮೊದಲ ಮಳೆ ಬಿತ್ತೋ, ಮೊಟ್ಟೆಯಿಡಲು ಹೊಸ ನೀರಿಗೆ ಎದುರು ಹತ್ತುತ್ತವೆ, ಆಗ ಅವನ್ನು ಮುಟ್ಟಬಾರದು. ಇದನ್ನೆಲ್ಲ ಅವರು ಚಹಾಕ್ಕೆ ಬಂದವರಿಗೆ ಹೇಳಿದರು, ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದರು, ಒಮ್ಮೆ ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಹೇಳಿದರು. ಯಾವಾಗ, ಎಲ್ಲಿ ಎರಡೂ ಕರಾರುವಾಕ್ಕು. ಹಿಡಿದದ್ದು ಮಾತ್ರ ಇಲ್ಲ.

ಉಮರೇಡ್ ರಸ್ತೆಯಲ್ಲಿ, ಕಲ್ಲಿದ್ದಲ ಲಾರಿಗಳ ಧೂಳು ತಿನ್ನುತ್ತ ಸುಮಾರು ದೂರ ಹೋದರೆ ಒಳಗೊಂದು ಕೆರೆಯಿದೆ. ನಿವೃತ್ತಿಯ ವರ್ಷ ಅಲ್ಲಿ ಒಂದು ಸಂಜೆ ತೂಬಿನ ಹತ್ತಿರ ಭಾರೀ ಬಾಳೆಮೀನೊಂದು ಮಗ್ಗುಲು ಹೊರಳಿದ್ದನ್ನು ಇವರು ಕಂಡರಂತೆ. ಅಂದು ಮನೆಗೆ ಬಂದವರೇ ಊಟವನ್ನೂ ಮಾಡದೆ, “ಅದನ್ನ ಒಮ್ಮೆ ಹಿಡಿದು ಕಣ್ತುಂಬ ನೋಡಿ ಬಿಟ್ಟುಬಿಡ್ತೀನಿ. ಮರುದಿನಾನ ಸಾಮಾನ ಕಟ್ಟೋಣು, ಧಾರವಾಡಕ್ಕ ಹೋಗೋಣು” ಎಂದು ಮಾತು ಕೊಟ್ಟರು. ನಾನು ಹುಚ್ಚಿ, ಖುಷಿಪಟ್ಟೆ. ಮಗಳು ಮದುವೆಯಾಗಿ ನಾಸಿಕ ಸೇರಿದ್ದಳು. ನಾಗಪುರದಲ್ಲಿ ನಮ್ಮನ್ನು ಹಿಡಿದಿಡುವಂಥದ್ದು ಆ ಮೀನೊಂದನ್ನು ಬಿಟ್ಟರೆ ಏನೂ ಉಳಿದಿರಲಿಲ್ಲ.

ನನಗೆ ಊರಿಗೆ ಹೋಗಬೇಕಿತ್ತು. ಇದರಲ್ಲಿ ಮುಚ್ಚುಮರೆ ಏನಿದೆ? ಮರಾಠಿಯಲ್ಲಿ ನಾನು ತರಕಾರಿಯ ಚೌಕಾಶಿ ಮಾಡಬಲ್ಲೆ, ಹಿಂದಿಯಲ್ಲಿ ಆಟೋದವನ ಜೊತೆ ಗುದ್ದಾಡಬಲ್ಲೆ, ಆದರೆ ಸುಮ್ಮನೆ ಕಾಲು ಚಾಚಿ ಕುಳಿತು ಇಲ್ಲದ್ದು ಸಲ್ಲದ್ದು ಹರಟುವುದು ನನಗೆ ಕನ್ನಡದಲ್ಲಿ ಮಾತ್ರ ಬರುತ್ತದೆ. ಧಾರವಾಡದಲ್ಲಿ ನನ್ನಕ್ಕ ಶಾಂತಕ್ಕ ಒಬ್ಬಳೇ ಇದ್ದಾಳೆ. ತನ್ನ ಮನೆಯ ಮೇಲಂತಸ್ತನ್ನು ನಮಗಾಗಿಯೇ ಖಾಲಿ ಇಟ್ಟಿದ್ದಳು. ಅವಳು ಫೋನು ಮಾಡಿದಾಗಲೆಲ್ಲ ನಾನು, “ಈ ಬ್ಯಾಸಿಗಿಗೆ ಮೀನ ಸಿಗತೈತಿ ನೋಡಕ್ಕಾ” ಅನ್ನುವುದು. ಬೇಸಿಗೆ ಬಂದರೆ ಇವರು ಒಂದೊಂದು ದಿನ ಒಂದೊಂದು ನೆಪ ಹೊತ್ತು ಬರುವುದು. ಗಾಳಿ ತಿರುಗಿತು. ಎಮ್ಮೆಗಳು ನೀರಿಗಿಳಿದವು. ಹುಣ್ಣಿಮೆ ಹತ್ತಿರ ಬಂತು, ಬೆಳಕಿಗೆ ಮೀನು ಹೊರಬೀಳಲಿಲ್ಲ. ಎಲ್ಲರ ಮನೆಯಲ್ಲೂ ಏನಾದರೊಂದು ಅಡ್ಡ ಬರುತ್ತದೆ ಬಿಡಿ, ಆದರೆ ನೀರಲ್ಲಿರುವ ಒಂದು ಜಂತುವಿನ ಮರ್ಜಿ ಕಾಯುತ್ತ ಕುಳಿತ ಹೆಂಗಸು ನಾನೊಬ್ಬಳೇ ಇರಬೇಕು.

ಕೊನೆಗೆ ಶಾಂತಕ್ಕನ ತಾಳ್ಮೆಯೂ ಹರಿಯಿತು. “ಮ್ಯಾಲಿನ ಮನಿ ಇನ್ನೆಷ್ಟ್ ವರ್ಷ ಕೀಲಿ ಹಾಕಿ ಇಡ್ಲೆವ್ವಾ? ಈ ಮಳಿಗಾಲದಾಗ ಬರ್ತಿ ಅಂದ್ರ ಬಾ. ಇಲ್ಲಂದ್ರ ಬಾಡಿಗಿ ಕೊಟ್ಟಬಿಡ್ತೀನಿ. ನಿನ್ನ ಗಂಡನ ಮೀನಿಗೂ ಹೇಳು” ಅಂದಳು. ಫೋನಿಟ್ಟು ನಾನು ಅತ್ತದ್ದು ಸುಳ್ಳಲ್ಲ. ಅತ್ತು ಮುಗಿಸಿ, ಅವತ್ತಿನ ಪಾಲಿನ ಹಿಟ್ಟು ನಾದಲು ಕುಳಿತೆ. ಅಲ್ಲರೀ, ಗಾಳಕ್ಕೆ ಸಿಕ್ಕಿಸುವ ಉಂಡೆಯನ್ನು ನಾದಿಕೊಡುವವಳೂ ನಾನೇ. ಇವರು ನಾದಿದರೆ ಕಟ್ಟೆಯೆಲ್ಲ ಹಿಟ್ಟು ಮಾಡುತ್ತಾರೆ.

ಆ ಹೊತ್ತಿಗೆ ಕೆಳಗಿನ ಮನೆಯ ಸುಲಭಾ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದಳು. ಮೀನಿಲ್ಲದೆ ಅವಳ ಮನೆಯಲ್ಲಿ ಭಾನುವಾರವೇ ಆಗುವುದಿಲ್ಲ. ಮೂಗರಳಿಸಿ, “ಕಾಯ್ ವಹಿನಿ, ಭಜಿ ಕರತಾಯ್ ಕಾ?” ಅಂದಳು. ಭಜಿಯಲ್ಲ ತಾಯಿ, ಬಾಳೆಮೀನಿಗೆ ನೈವೇದ್ಯ ಎಂದು ನಾನು ಉಂಡೆ ತೋರಿಸಿ, ಮೀಸೆ, ಚಪ್ಪಟೆ ತಲೆ ಎಲ್ಲ ವರ್ಣಿಸಿದೆ. ಅವಳು ನಗಲು ಶುರುಮಾಡಿದವಳು ಸ್ಟೂಲು ಹುಡುಕಿಕೊಂಡು ಕುಳಿತಳು. “ಅಹೋ ವಹಿನಿ! ತೋ ಮಾಸಾ ಪೀಠ ಖಾತೋ ಕಾ? ತ್ಯಾಲಾ ಮಾಂಸ ಪಾಹಿಜೆ!” ಆ ಮೀನು ಹಿಟ್ಟು ತಿನ್ನುವುದಿಲ್ಲವಂತೆ, ಅದಕ್ಕೆ ಮಾಂಸವೇ ಬೇಕಂತೆ. ಹಿಟ್ಟಿಗೆ ಬರುವುದು ರೋಹು, ಕಟ್ಲದಂಥ ಸಾಧು ಮೀನುಗಳು. ಇದು ಕಪ್ಪೆ ನುಂಗುವ, ಬೇರೆ ಮೀನು ನುಂಗುವ ಜಾತಿ. ಕೋಳಿಯ ಕಲೇಜಿ, ಅಂದರೆ ಲಿವರು, ಕಟ್ಟಿದರೆ ಓಡಿಬರುತ್ತದೆ ಅಂದಳು.

ಮೊದಲು ನನಗೆ ಗಂಡನ ಮೇಲೆ ಕನಿಕರವೇ ಬಂತು. ಪಾಪ, ಸಸ್ಯಾಹಾರಿ ಪ್ರಾಣಿ, ತಾನು ತಿನ್ನುವುದನ್ನೇ ಮೀನೂ ತಿನ್ನುತ್ತದೆಂದು ತಿಳಿದಿದ್ದಾರೆ. ಕನಿಕರ ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಉಳಿಯಲಿಲ್ಲ. ಮೀನು ಎಷ್ಟು ಹೊತ್ತಿಗೆ ಯಾವ ಕಲ್ಲಿನ ಸಂದಿನಿಂದ ಹೊರಬೀಳುತ್ತದೆ ಎಂದು ಬಲ್ಲ ಮನುಷ್ಯನಿಗೆ ಅದು ತಿನ್ನುವುದೇನು ಎಂಬುದು ಗೊತ್ತಿಲ್ಲವೇ? ಬೇಟೆಗೆ ಹೊರಬೀಳುತ್ತದೆ ಎಂದು ಇವರೇ ಹೇಳುತ್ತಿರಲಿಲ್ಲವೇ? ಬೇಟೆಯೆಂದರೆ ಏನು, ಜೋಳದ ಹೊಲಕ್ಕೆ ಹೋಗುತ್ತದೆಯೇ?

ಮರುದಿನ ಸುಲಭಾಳನ್ನು ಕರೆದುಕೊಂಡು ಕೋಳಿ ಅಂಗಡಿಗೆ ಹೋದೆ. ಜನ್ಮದಲ್ಲಿ ಮೊದಲ ಸಲ. ಛತ್ರಿಯನ್ನು ಕಣ್ಣಿಗೆ ಅಡ್ಡ ಹಿಡಿದು ಅಂಗಡಿಗೆ ಬೆನ್ನು ಹಾಕಿ ನಿಂತೆ, ಅವಳು ಕೊಂಡಳು. ಪ್ಲಾಸ್ಟಿಕ್ ಚೀಲದೊಳಗೆ ಚೀಲ ಸುತ್ತಿ ಹಳೆಯ ಡಬ್ಬಿಗೆ ತುರುಕಿದೆ. ಸಂಜೆ ಇವರು ಹೊರಟಾಗ, ನಾನೂ ಬರುತ್ತೇನೆ ಎಂದು ಸ್ಕೂಟರಿನ ಹಿಂದೆ ಹತ್ತಿದೆ. “ಅಡ್ಡಿ ಇಲ್ಲ, ಇವತ್ತ ಸೂರ್ಯ ಯಾವ ಕಡೆ ಹುಟ್ಯಾನ!” ಎಂದು ಹಿಗ್ಗಿ, ದಾರಿಯುದ್ದಕ್ಕೂ ಮಾತಾಡಿದರು. ಡಬ್ಬಿ ನನ್ನ ತೊಡೆಯ ಮೇಲಿತ್ತು.

ಕೆರೆ ಅವರು ಹೇಳಿದಂತೆಯೇ ಬತ್ತಿತ್ತು. ಬಿರುಕುಬಿಟ್ಟ ಮಣ್ಣು ದಾಟಿ ತೂಬಿನ ಬಳಿ ಹೋದೆವು. ಹೊತ್ತು ಇಳಿಯುತ್ತಿತ್ತು. ಅವರು ಹಿಟ್ಟಿನ ಉಂಡೆ ಬಿಚ್ಚಿದರು, ನಾನು ಡಬ್ಬಿ ಬಿಚ್ಚಿದೆ. ಒಳಗಿರುವುದನ್ನು ನೋಡಿ ಅವರ ಮುಖ ಬಿಳಿಚಿತು.

“ಇದೇನಽ ಇದು?”

“ಕಲೇಜಿ. ಇದನ್ನ ತಿಂತೈತಿ ಅದು. ಗೊತ್ತಿತ್ತಿಲ್ಲೋ ನಿಮಗ?”

ಅವರು ಗಾಳದ ಕೋಲಿಗಿರುವ ನೂಲು ಸುತ್ತುವ ಚಕ್ರವನ್ನು ಸುಮ್ಮನೆ ಹಿಂದಕ್ಕೂ ಮುಂದಕ್ಕೂ ತಿರುಗಿಸಿದರು. “ಗೊತ್ತಿತ್ತು.”

ನನಗೆ ಬಂದ ಸಿಟ್ಟನ್ನು ನಾನು ಹೇಗೆ ಹೇಳಲಿ! “ಗೊತ್ತಿದ್ದು ನನ್ನ ಕಡಿಂದ ಹಿಟ್ಟು ನಾದಿಸಿದ್ರೇನು? ಇಷ್ಟು ವರ್ಷ? ಅಲ್ಲಿ ಅಕ್ಕ ಕೀಲಿ ಹಿಡ್ಕೊಂಡು ಕೂತಾಳ! ಬರೂದಿಲ್ಲ ಅಂತ ಬಾಯಿಬಿಟ್ಟು ಹೇಳಾಕ ಏನಾಗಿತ್ತು?”

“ಬರೂದಿಲ್ಲ ಅಂದ್ರ ನಿನಗ ಕೆಟ್ಟ ಅನಸ್ತಿತ್ತು” ಅಂದರು. ಬಿಚ್ಚಿದ್ದ ಹಿಟ್ಟಿನ ಉಂಡೆಯನ್ನು ಮತ್ತೆ ಕಟ್ಟಿಡುತ್ತ, “ಅಲ್ಲಿ ನಿನಗ ಅಕ್ಕ ಅದಾಳ. ನಾ ಮುಂಜಾನೆ ಎದ್ದು ಎಲ್ಲಿಗೆ ಹೋಗ್ಲಿ, ಹೇಳು? ನಾ ಹುಡುಗ ಇದ್ದಾಗ ಬಿಟ್ಟ ಊರು ಅದು. ಇಲ್ಲಿ ಚಹಾದ ಅಂಗಡ್ಯಾವ ಸೈತ ನನ್ನ ಗುರುತು ಹಿಡೀತಾನ” ಅಂದರು.

ನಾನು ಕರಗಲಿಲ್ಲ. ಕೈಗೆ ಚೀಲ ಸುತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ, ಶಿವ ಶಿವಾ ಎನ್ನುತ್ತ ಕಲೇಜಿಯನ್ನು ಗಾಳಕ್ಕೆ ಸಿಕ್ಕಿಸಿ, ಒಗೀರಿ ಅಂದೆ. ಇಲ್ಲಿ ಒಂದು ಮಾತು ಹೇಳಬೇಕು. ಅವರು ಬೇಕಾದರೆ ಅದನ್ನು ಎಲ್ಲಿಯಾದರೂ ಒಗೆಯಬಹುದಿತ್ತು. ಜೊಂಡಿನೊಳಗೆ ಒಗೆದು ಸಿಕ್ಕಿಹಾಕಿಕೊಂಡಿತು ಅಂದಿದ್ದರೆ ನನಗೇನು ತಿಳಿಯುತ್ತಿತ್ತು? ಒಗೆಯಲಿಲ್ಲ. ಎದ್ದು ನಿಂತು, ಗಾಳಿ ನೋಡಿ, ತೂಬಿನ ನೆರಳು ಮಡುವಿಗೆ ಬೀಳುವ ಜಾಗಕ್ಕೇ ಸರಿಯಾಗಿ ಒಗೆದು, ಕೋಲನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತರು.

ಸೂರ್ಯ ಏರಿಯ ಹಿಂದೆ ಸರಿದ. ಕೋಲು ಒಮ್ಮೆಲೇ ಬಾಗಿತು, ನಾನು ಕಿರುಚಿದೆ. “ಹಿಡಿ, ಹಿಡಿ, ಜಗ್ಗಬ್ಯಾಡ, ಬಿಡು ಸ್ವಲ್ಪ, ಈಗ ಸುತ್ತು” ಎಂದು ಅವರು ನನ್ನ ಕೈಮೇಲೆ ಕೈಯಿಟ್ಟು ಹೇಳುತ್ತಲೇ ಇದ್ದರು. ನನ್ನ ರಟ್ಟೆ ಬಿದ್ದುಹೋಗುವಷ್ಟು ಹೊತ್ತು ಎಳೆದಾಡಿ, ಕೊನೆಗೆ ಕೆಸರಿನ ಅಂಚಿಗೆ ಬಂತು ನೋಡಿ, ಆ ಫೌಜದಾರ! ನನ್ನ ಸೊಂಟದೆತ್ತರ ಇತ್ತು. ಬಾಯಿ ಅಗಲಿಸಿ ನನ್ನನ್ನೇ ನೋಡಿತು. ಇವರು ಮೊಣಕಾಲುದ್ದ ನೀರಿಗಿಳಿದು, ಗಾಳವನ್ನು ಮೆಲ್ಲಗೆ ಬಿಡಿಸಿ, ಅದರ ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಹಿಡಿದುಕೊಂಡರು. ಕಣ್ತುಂಬ ನೋಡುತ್ತೇನೆ ಅಂದವರು ಅದನ್ನು ನೋಡಲೇ ಇಲ್ಲ.

“ಆತು. ಶಾಂತಕ್ಕಗ ಫೋನ್ ಮಾಡು. ಮಳಿ ಹಿಡಿಯೋದ್ರಾಗ ಹೋಗೋಣು” ಅಂದರು. ಮುನಿಸಿಲ್ಲ, ಕೊಂಕಿಲ್ಲ. ಕೊಟ್ಟ ಮಾತಿಗೆ ಮೈಯೊಡ್ಡಿ ನಿಂತುಬಿಟ್ಟರು. ಜಗಳವಾಡಿದ್ದರೆ ನಾನು ಗೆದ್ದುಬಿಡುತ್ತಿದ್ದೆ ಕಣ್ರೀ.

“ಇದು ಅದಲ್ಲ” ಅಂದೆ.

“ಅದ ಐತಿ. ನಾ ನೋಡೀನಿ.”

“ಅಲ್ಲ ಅಂದೆ. ನೀವು ನೋಡಿದ್ದು ಇದಕ್ಕಿಂತ ದೊಡ್ಡದಿತ್ತು ಅಂತ ಎಲ್ಲಾರ ಮುಂದ ಹೇಳೀರಿ. ಇದು ಅದರ ತಮ್ಮ ಇರಬೇಕು. ಬಿಡ್ರಿ ಜಲ್ದಿ, ಸಾಯ್ತೈತಿ ಅದು.”

ಅವರು ನನ್ನ ಮುಖ ನೋಡಿದರು. ಆಮೇಲೆ ಕೈ ಸಡಿಲಿಸಿದರು. ಅದು ಗಡಿಬಿಡಿಯಿಲ್ಲದೆ, ಬಾಲವನ್ನು ಒಮ್ಮೆ ಬೀಸಿ, ತೂಬಿನ ಕಡೆಗೆ ಹೋಯಿತು.

ಮರಳುವಾಗ ಸ್ಕೂಟರಿನ ಮೇಲೆ ನಾನೊಬ್ಬಳೇ ಮಾತಾಡಿದೆ. ಮೀನು ನಿಮಗೆ ಯಾವಾಗ ಬೇಕು? ಹೋಳಿಯಿಂದ ಮೊದಲ ಮಳೆಯವರೆಗೆ. ಮಳೆಯಲ್ಲಿ ಮುಟ್ಟಬಾರದು, ಚಳಿಯಲ್ಲಿ ಅದು ಏಳುವುದಿಲ್ಲ, ನೀವೇ ಹೇಳಿದ್ದು. ಹಾಗಾದರೆ ಮಳೆ, ಚಳಿ ಎರಡೂ ಧಾರವಾಡಕ್ಕೆ, ನನಗೆ. ಬೇಸಿಗೆ ನಿಮಗೆ. ಆ ದೊಡ್ಡದು ಸಿಕ್ಕಿದ ದಿನ ಇಲ್ಲಿಯ ಮನೆಗೆ ಕಾಯಂ ಬೀಗ. ಚಹಾದ ಅಂಗಡಿ ಬಂದಾಗ ಅವರು ಗಾಡಿ ನಿಲ್ಲಿಸಿ ನನಗೂ ಒಂದು ಚಹಾ ಹೇಳಿದರು.

ಹೀಗಾಗಿ ನೋಡಿ, ಮೀನಿನ ಪಂಚಾಂಗ ನೋಡಿ ಸಂಸಾರ ಮಾಡುವವರಾದೆವು. ಶಾಂತಕ್ಕನ ಜೊತೆ ಹರಟಿ ಹರಟಿ ದವಡೆ ನೋಯುವ ಹೊತ್ತಿಗೆ ಹೋಳಿ ಬರುತ್ತದೆ. ಇಡೀ ನಾಗಪುರ ಉರಿ ತಾಳದೆ ಊರು ಬಿಟ್ಟು ಓಡುವ ಕಾಲಕ್ಕೆ ನಾವು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬರುತ್ತೇವೆ. ಕೂಲರ್ ಕೆಟ್ಟಿರುತ್ತದೆ, ನಲ್ಲಿಯಲ್ಲಿ ನೀರಿನ ಬದಲು ಕುದಿಯುವ ಕಷಾಯ ಬರುತ್ತದೆ, ಹಗಲು ಹೊರಗೆ ಕಾಲಿಟ್ಟರೆ ಚಪ್ಪಲಿ ನೆಲಕ್ಕೆ ಅಂಟುತ್ತದೆ. ಹಿಂಗು ತೀರಿದ್ದರೆ ಇತವಾರಿ ಪೇಟೆಯ ಕೈಗಾಡಿಗಳ ಗದ್ದಲದಲ್ಲಿ ನುಗ್ಗಿ ತರುವವಳೂ ನಾನೇ. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬರುತ್ತದೆಂದರೆ, ಹೇಳಿ ಪ್ರಯೋಜನವಿಲ್ಲ.

ಈಗ ಬಾಗಿಲಲ್ಲಿ ತಲೆಗೆ ಪಂಚೆ ಸುತ್ತಿಕೊಂಡು ನಿಂತಿದ್ದಾರೆ, ಕೈಯಲ್ಲಿ ಗಾಳದ ಕೋಲು.

“ಆತೇನಽ? ಹೊತ್ತಾತು. ಹಿಂಗು ಬರೋಬರ್ ಹಾಕಿಯೇನು?”

“ಹಾಕೀನ್ರಿ” ಎಂದು ಉಂಡೆಗಳನ್ನು ಡಬ್ಬಿಗೆ ತುಂಬಿ ಕೊಡುತ್ತೇನೆ. “ಆ ಮೀನ ಹತ್ರ ಸೈತ ಸುಳೀಬಾರ್ದು, ಹಂಗ ಹಾಕೀನಿ.”