ಎಡಗಡೆ ಸೀಟು

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ಪೀಡೋಮೀಟರಿನ ಮುಳ್ಳು ನಲವತ್ತು ದಾಟಿದರೆ ನನ್ನ ಅಂಗೈ ಬೆವರುತ್ತದೆ. ಆದರೂ ಹಳೆಯ ಕಾಲದ ವಿಶ್ವ ರ‍್ಯಾಲಿ ಕಾರುಗಳ ಬಗ್ಗೆ ಯಾರಾದರೂ ಬಾಯಿ ತೆರೆದರೆ, ಅವರ ಬಾಯಿ ಮುಚ್ಚಿಸಿ ನಾನೇ ಶುರುಮಾಡುತ್ತೇನೆ. ಗೋಣಿಕೊಪ್ಪಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಘರ್ಷಣೆಯ ಪಾಠವನ್ನು ಇದುವರೆಗೆ ಒಂದೇ ಪೀರಿಯಡ್ಡಿನಲ್ಲಿ ಮುಗಿಸಿದ್ದಿಲ್ಲ.

ಸ್ಟ್ರಾಟೋಸ್ ಅಂತ ಒಂದಿತ್ತು. ಮುಂದೆ ಚೂಪು, ಹಿಂದೆ ಮೋಟು, ಥೇಟ್ ಸೌದೆ ಸೀಳುವ ಬೆಣೆ. ಅದು ರ‍್ಯಾಲಿಗೆಂದೇ ಹುಟ್ಟಿದ ಕಾರು. ಸಂಸಾರ ಸಮೇತ ಮದುವೆಗೆ ಹೋಗೋಣವೆಂದರೆ ಇಬ್ಬರಿಗೇ ಜಾಗ. ಆಮೇಲೆ ಎಂಬತ್ತರ ದಶಕದಲ್ಲಿ ಕ್ವಾಟ್ರೊ ಬಂತು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ. ಇಷ್ಟು ಭಾರದ ಕಾರು ಏನು ಓಡೀತು ಎಂದು ಮೂಗು ಮುರಿದವರು ಹಿಮದಲ್ಲಿ, ಕೆಸರಿನಲ್ಲಿ ಅದರ ಬೆನ್ನು ನೋಡುತ್ತ ಉಳಿದರು. ನಾನು ಇದನ್ನು ಮೈಮರೆತು ವರ್ಣಿಸುವಾಗ, ಕಾಫಿ ಕೊಯ್ಯುವವರನ್ನು ಜೀಪಿನಲ್ಲಿ ಸಾಗಿಸುವ ಡ್ರೈವರ್ ಹಂಸ ಆಕಳಿಸಿದ. ಅವನ ಅಪ್ಪನ ಜೀಪಿನಲ್ಲೂ ನಾಲ್ಕು ಚಕ್ರ ತಿರುಗುತ್ತಿದ್ದವಂತೆ, ಯಾರೂ ಕಪ್ ಕೊಡಲಿಲ್ಲವಂತೆ.

ಆ ದಶಕದ ಕಾರುಗಳ ವೇಗ ಮಿತಿಮೀರಿ, ರಸ್ತೆಯಂಚಿಗೇ ಬಂದು ನಿಲ್ಲುತ್ತಿದ್ದ ಜನರ ಜೀವ ಹೋಗಿ, ಕೊನೆಗೆ ಅವನ್ನು ನಿಷೇಧಿಸಬೇಕಾಯಿತು. ಆದರೆ ನನ್ನನ್ನು ಇಂದಿಗೂ ಬೆರಗಾಗಿಸುವವರು ಡ್ರೈವರ್ ಪಕ್ಕದಲ್ಲಿ ಕೂತವರು. ತಲೆ ತಗ್ಗಿಸಿ ದಾರಿಯ ಟಿಪ್ಪಣಿ ಓದುತ್ತಾರೆ. ಧೂಳಿನಲ್ಲಿ ತಿರುವು ಕಾಣುವ ಮೊದಲೇ, ಆ ಮಾತನ್ನಷ್ಟೇ ನಂಬಿ ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಾನೆ.

ನನ್ನ ಪಕ್ಕದ ಸೀಟು ಮಾತ್ರ ಎರಡು ವರ್ಷ ಖಾಲಿಯಿತ್ತು. ನನ್ನ ಹೆಂಡತಿ ಜಯಂತಿಗೆ ಪೊನ್ನಂಪೇಟೆಯ ತಾಲ್ಲೂಕು ಕಚೇರಿಯಲ್ಲಿ ಕೆಲಸ. ನನ್ನ ಹಳೆಯ ಏಯ್ಟ್ ಹಂಡ್ರೆಡ್‌ ಕಾರಿನಲ್ಲಿ ಅವಳನ್ನು ದಿನಾ ಬಿಟ್ಟುಬರುತ್ತಿದ್ದೆ. ಒಂದು ಬೆಳಿಗ್ಗೆ, ಕ್ವಾಟ್ರೊ ತಿರುವು ತೆಗೆದುಕೊಳ್ಳುವ ಬಗೆಯನ್ನು ವಿವರಿಸುತ್ತಿದ್ದೆ. ಅವಳು "ನಿಧಾನ ರೀ" ಎಂದು ಮೂರು ಸಲ ಹೇಳಿದಳು. ನಾಲ್ಕನೆಯ ಸಲ ಹೇಳುವಷ್ಟರಲ್ಲಿ ಚರಂಡಿಯಲ್ಲಿದ್ದೆವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮರುದಿನದಿಂದ ಅವಳು ಬಸ್ಸು ಹಿಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಅವಳು ನಿಂತಿದ್ದನ್ನು ನೋಡಿಕೊಂಡು ದಿನಾ ಒಬ್ಬನೇ ಕಾರಿನಲ್ಲಿ ಹೋಗುತ್ತಿದ್ದೆ. ಹೇಗಾದರೂ ಅವಳನ್ನು ಮತ್ತೆ ಆ ಸೀಟಿನಲ್ಲಿ ಕೂರಿಸಬೇಕಿತ್ತು.

ಗೆಳೆಯ ಪೂವಯ್ಯ ತನ್ನ ಎಸ್ಟೇಟಿನಲ್ಲಿ ಹಳೆ ಕಾರುಗಳ ಆಟವೊಂದನ್ನು ಇಟ್ಟುಕೊಂಡಾಗ ನನ್ನ ದಾರಿ ತೆರೆಯಿತು. ಟಿಪ್ಪಣಿ ಓದಿಕೊಂಡು ತೋಟ ಸುತ್ತಬೇಕು, ಹೇಳಿದ ಹೊತ್ತಿಗೆ ಗೇಟು ತಲುಪಬೇಕು, ಅಷ್ಟೆ. ಓದುವವರಿಲ್ಲದೆ ಆಗುವುದಿಲ್ಲವೆಂದು ಜಯಂತಿಯನ್ನು ಗೋಗರೆದೆ. ಕ್ವಾಟ್ರೊದಲ್ಲಿ ಓಡಿಸುವವಳೂ ಓದುವವಳೂ ಇಬ್ಬರೂ ಹೆಂಗಸರೇ ಆಗಿ ಗೆದ್ದದ್ದುಂಟು ಎಂದೆ. ಹಾಗಾದರೆ ತಾನೇ ಓಡಿಸಲೇ ಎಂದಳು. ಅಂತೂ, ದಾರಿಯಲ್ಲಿ ಕಾರುಗಳ ಪುರಾಣ ಹೇಳಕೂಡದೆಂಬ ಷರತ್ತಿನ ಮೇಲೆ ಹತ್ತಿದಳು.

ಚೆನ್ನಾಗಿಯೇ ಓದಿದಳು. ನಾನೂ ಬಾಯಿಗೆ ಬೀಗ ಹಾಕಿಕೊಂಡು ಓಡಿಸಿದೆ. ದಾರಿ ಎರಡಾಗಿ ಕವಲೊಡೆದ ಕಡೆ ಕಾರು ನಿಧಾನ ಮಾಡಿದೆ. ಅವಳು ಹಾಳೆಯಿಂದ ತಲೆಯೆತ್ತದೆ "ರೈಟ್, ರೈಟ್" ಅಂದಳು. ನಾನು ಬಲಕ್ಕೆ ತಿರುಗಿಸಿದೆ. ಮುಂದೆ ಕಣ, ಕಣದ ತುಂಬ ಒಣಹಾಕಿದ ಕಾಫಿ, ಕಾಫಿಯ ನಡುವೆ ನಾವು.

ತಪ್ಪು ಯಾರದೆನ್ನಲಿ? ಎರಡು ವರ್ಷ ಬಸ್ಸಿನಲ್ಲಿ ಓಡಾಡಿದವಳಿಗೆ 'ರೈಟ್' ಎಂದರೆ ಬಲವಲ್ಲ, 'ಮುಂದೆ ಹೋಗಲಿ' ಎಂದು. ಟಿಪ್ಪಣಿಯಲ್ಲಿ ಇದ್ದದ್ದೂ 'ನೇರ' ಎಂದೇ. ತೋಟದ ಲೆಕ್ಕಪತ್ರ ನೋಡುವ ರೈಟರ್ ಓಡಿಬಂದು, ಚಕ್ರದ ಕೆಳಗೆ ಬಗ್ಗಿ ನೋಡಿ, ಬಹಳ ವಿನಯದಿಂದ ಹೇಳಿದ: "ಇಲ್ಲಿ ಒಣಗ್ಸೋದು ಮಾತ್ರ ಸಾರ್. ಪುಡಿ ಮಾಡೋದು ಬೇರೆ ಕಡೆ."

ಇಬ್ಬರೂ ಇಳಿದು, ಚೆದುರಿದ್ದನ್ನು ಕೈಯಲ್ಲೇ ಎಳೆದು ಸರಿಮಾಡಿಕೊಟ್ಟೆವು. ಕೊನೆಯವರಾಗಿ ಗೇಟು ತಲುಪಿದಾಗ ಆಟ ಮುಗಿದು ಊಟ ಸಾಗಿತ್ತು. ಪೂವಯ್ಯ ನಕ್ಕು ನಕ್ಕು ಸುಸ್ತಾದ. ನನಗೆ ನಗು ಬರಲಿಲ್ಲ. ಊರಿಗೆ ಹೋಗುವ ಬಸ್ಸು ಗೇಟಿನೆದುರೇ ಬಂದು ನಿಂತಿತ್ತು. ಇನ್ನು ಈ ಜನ್ಮದಲ್ಲಿ ಇವಳು ನನ್ನ ಕಾರು ಹತ್ತುವುದಿಲ್ಲ ಎಂದುಕೊಂಡು ಕೀಲಿ ತಿರುಗಿಸುತ್ತಿದ್ದೆ. ಎಡಗಡೆಯ ಬಾಗಿಲು ತೆರೆಯಿತು. ಜಯಂತಿ ಕೂತು ಬೆಲ್ಟ್ ಹಾಕಿಕೊಂಡಳು.

"ಭಯ ಆಗ್ಲಿಲ್ವೇನೇ?" ಎಂದೆ.

"ಭಯ ಯಾಕೆ? ಮದುವೆಯಾಗಿ ಇಷ್ಟು ವರ್ಷದಲ್ಲಿ ಇವತ್ತೇ ಮೊದಲು, ನಾನು ಹೇಳಿದ ಕೂಡ್ಲೇ ನೀವು ಕೇಳಿದ್ದು."