ವಾರ್ಡನ್ ಅಮ್ಮನ ಕೀರ್ತನೆ

ನರ್ಸ್ ಆದವಳು ಸ್ವಂತ ತಾಯಿಯ ಮಂಚದ ಪಕ್ಕ ಕೂತರೆ ಆ ವಾರ್ಡಿಗೆ ಅವಳಂಥ ಪೀಡೆ ಇನ್ನೊಂದಿಲ್ಲ. ರಾಮನಗರದ ಆಸ್ಪತ್ರೆಯಲ್ಲಿ ಆ ಮೂರು ದಿನ ನಾನು ಅಂಥ ಪೀಡೆಯಾಗಿದ್ದೆ. ಡ್ರಿಪ್ಪಿನ ಹನಿ ಎಣಿಸುತ್ತಿದ್ದೆ, ಹಾಸಿಗೆಯ ಸುಕ್ಕು ತಿದ್ದುತ್ತಿದ್ದೆ, ಅಲ್ಲಿನ ಹುಡುಗಿಯರು ಬಿ.ಪಿ. ನೋಡಿ ಹೊರಟರೆ ಇನ್ನೊಮ್ಮೆ ನೋಡಿ ಎಂದು ಕಾಡುತ್ತಿದ್ದೆ. ಕೂತಲ್ಲಿ ಕೂರಲಾಗದೆ ಕಿಟಕಿಗೂ ಬಾಗಿಲಿಗೂ ಓಡಾಡಿ ಚಪ್ಪಲಿ ಸವೆಸಿದೆ.

ಮರಳವಾಡಿಯ ಹತ್ತಿರದ ನಮ್ಮೂರಿನಲ್ಲಿ ಅವ್ವ ರೇಷ್ಮೆ ಹುಳಕ್ಕೆ ಸೊಪ್ಪು ಹೊತ್ತು ತರುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಆಗಬೇಕು, ಆದರೆ ಬಿ.ಪಿ. ಇಳಿಯುತ್ತಿಲ್ಲ. ಆಗಲೇ ಎರಡು ಸಲ ಮುಂದೂಡಿದ್ದರು. ಆ ವಯಸ್ಸಿನವರು ಮಲಗಿದಲ್ಲೇ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ಎದೆಗೆ ಕಫ ಕಟ್ಟುತ್ತದೆ, ಆಮೇಲೆ ಕೈಗೆ ಸಿಗುವುದಿಲ್ಲ. ಕನಕಪುರದಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಇಬ್ಬರು ಹಾಗೆ ಹೋದದ್ದನ್ನು ನೋಡಿದ್ದೇನೆ. ಗೊತ್ತಿಲ್ಲದವರು ದೇವರ ಮೇಲೆ ಭಾರ ಹಾಕಿ ಕೂರುತ್ತಾರೆ. ನನಗೆ ಎಲ್ಲ ಗೊತ್ತಿತ್ತು, ಅದೇ ನನ್ನ ಕರ್ಮ.

ಇಂಥ ಹೊತ್ತಿನಲ್ಲಿ ನನಗೆ ಆಸರೆಯಾಗುವುದು ಒಂದು ಕ್ರೈಸ್ತ ಕೀರ್ತನೆ. ನಾವು ಕ್ರೈಸ್ತರಲ್ಲ, ಮನೆದೇವರಿಗೆ ತಪ್ಪದೆ ನಡೆದುಕೊಳ್ಳುವ ಬೇಸಾಯದ ಮನೆಯವರು. ಹದಿನೆಂಟಕ್ಕೆ ನರ್ಸಿಂಗ್ ಕಲಿಯಲು ಒಂದು ಮಿಷನ್ ಆಸ್ಪತ್ರೆಯ ಹಾಸ್ಟೆಲ್ ಸೇರಿದೆ. ಅಲ್ಲಿ ಬೆಳಿಗ್ಗೆ ಪ್ರಾರ್ಥನೆ, ಪ್ರಾರ್ಥನೆಗೆ ಹಾಡು. ಬಾಯಿ ಆಡಿಸದಿದ್ದರೆ ವಾರ್ಡನ್ ಅಮ್ಮ ಕಣ್ಣು ಬಿಡುತ್ತಿದ್ದರು. ಆಡಿಸುತ್ತಾ ಆಡಿಸುತ್ತಾ ಹಾಡುಗಳು ಒಳಗಿಳಿದವು. ಚುರುಕಿನ ಹಾಡೊಂದು, ಬಸ್ ಹಿಡಿಯಲು ಓಡುವಾಗ, ಈಗಲೂ ತಾನಾಗಿ ಬಾಯಿಗೆ ಬರುತ್ತದೆ, ಕ್ರಿಸ್‌ಮಸ್ಸಿನದೊಂದನ್ನು ಬೇಸಿಗೆಯಲ್ಲೂ ಗುನುಗುತ್ತೇನೆ. ಆದರೆ ನನಗೆ ಪ್ರಾಣವಾದದ್ದು ಬೆಳಗಿನ ಪ್ರಾರ್ಥನೆಯಲ್ಲಿ ಎಂದೂ ಹಾಡದ ಇನ್ನೊಂದು.

ಸಂಜೆ ಒಗೆದ ಚಾದರ ಮಡಚುತ್ತಾ ವಾರ್ಡನ್ ಅಮ್ಮ ಒಬ್ಬರೇ ಅದನ್ನು ಹಾಡಿಕೊಳ್ಳುತ್ತಿದ್ದರು. ದಾರಿ ಕಾಣುತ್ತಿಲ್ಲ, ಕೈ ಬಿಡಬೇಡ ಎಂದು ಕೇಳಿಕೊಳ್ಳುವ ಹಾಡು, ಎಳೆದೆಳೆದು ಸಾಗುವ ರಾಗ. ಊರಿಗೆ ಓಡಿಹೋಗಲು ಬ್ಯಾಗ್ ಕಟ್ಟಿಟ್ಟಿದ್ದ ದಿನ ಅದು ನನ್ನ ಕಿವಿಗೆ ಬಿತ್ತು. ಹೋಗಿ ಚಾದರದ ಇನ್ನೊಂದು ತುದಿ ಹಿಡಿದು ನಿಂತೆ. ಆಮೇಲೆ ಬ್ಯಾಗ್ ಬಿಚ್ಚಿದೆ. ಅವರ ಪುಸ್ತಕದಿಂದ ನಾಲ್ಕೂ ಚರಣಗಳನ್ನು ನೋಟ್ಸಿನ ಹಿಂದೆ ಬರೆದುಕೊಂಡೆ.

ಅಲ್ಲಿಂದ ಇಪ್ಪತ್ತೆರಡು ವರ್ಷ ಅದನ್ನು ಎಲ್ಲೆಲ್ಲಿ ಹಾಡಿಲ್ಲ! ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುವ ಹೆಂಗಸರ ಸೊಂಟ ನೀವುತ್ತಾ ಹಾಡಿದ್ದೇನೆ. ನನ್ನ ಮಗಳನ್ನು ಅದನ್ನೇ ಹಾಡಿ ಮಲಗಿಸಿದ್ದೇನೆ. ರಜೆಗೆ ಊರಿಗೆ ಹೋದಾಗ ಹುಳದ ತಟ್ಟೆಗೆ ಸೊಪ್ಪು ಹರಡುತ್ತಾ ಗುನುಗಿದ್ದನ್ನು ಅವ್ವ ಹಿಡಿದುಕೊಂಡಳು. ನಮ್ಮ ಕಡೆ ಹಾಡಿಗೆ ಪದ ಎನ್ನುತ್ತಾರೆ. "ನಿನ್ ಪದ ಕೇಳುದ್ರೆ ಹುಳ ಚೆನ್ನಾಗ್ ಮೇಯ್ತವೆ ಕಣವ್ವ" ಅನ್ನುತ್ತಿದ್ದಳು.

ಮೂರನೇ ಬೆಳಿಗ್ಗೆ ಎಂಟಕ್ಕೆ ಬಿ.ಪಿ. ನೋಡಿ ತೀರ್ಮಾನಿಸುವುದಾಗಿ ಡಾಕ್ಟರು ಹೇಳಿದ್ದರು. ಏಳೂವರೆಗೆ ಅವ್ವ ನನ್ನ ಮಣಿಕಟ್ಟು ಹಿಡಿದು, "ಎದೆ ಡವಡವ ಅಂತೈತೆ. ಒಸಿ ನಿನ್ ಪದ ಯೋಳು" ಅಂದಳು. ಶುರು ಮಾಡಿದೆ. ಮೊದಲ ಚರಣ ಮುಗಿಯುವಷ್ಟರಲ್ಲಿ, ಪಕ್ಕದ ಮಂಚದಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಚನ್ನಪಟ್ಟಣದ ಅಜ್ಜಿ ತಲೆ ಎತ್ತಿದರು. ಅವರ ಕತ್ತಿನಲ್ಲಿ ಸಣ್ಣ ಶಿಲುಬೆ ಇತ್ತು.

"ತಪ್ಪು ತಿಳ್ಕೋಬೇಡಮ್ಮ. ಆಪರೇಷನ್‌ಗೆ ಹೋಗೋರ ಮುಂದೆ ಅದನ್ನ ಯಾಕೆ ಹಾಡ್ತಿದೀಯ? ನಮ್ಮಲ್ಲಿ ಅದು ಮಣ್ಣು ಮಾಡೋವಾಗ, ಪೆಟ್ಟಿಗೆ ಇಳಿಸ್ತಾ ಹಾಡೋದು. ನಮ್ಮ ಯಜಮಾನ್ರಿಗೂ ಅದನ್ನೇ ಹಾಡಿದ್ರು."

ಹಾಡನ್ನು ಅಲ್ಲಿಗೇ ನಿಲ್ಲಿಸಿದೆ. ಕನಕಪುರದ ಎಷ್ಟು ಕೂಸುಗಳು ನನ್ನ ದಯೆಯಿಂದ ಸಮಾಧಿಯ ಹಾಡು ಕೇಳುತ್ತಾ ಹುಟ್ಟಿದವೋ! ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಅಂದು ಭಯವಾಯಿತು. ಅಪಶಕುನ ಗಿಪಶಕುನ ಎಂದವರಿಗೆಲ್ಲ ಬೈಯುವವಳು ನಾನು. ನಾನೇ ಕೈಯಾರೆ ಅವ್ವನನ್ನು ಮಣ್ಣಿಗೆ ಕಳಿಸುತ್ತಿದ್ದೇನೆ ಅನ್ನಿಸಿತು. ಎದ್ದು ಕಿಟಕಿಗೆ ಹೋದೆ, ಬಂದೆ, ಮತ್ತೆ ಹೋದೆ.

"ಯಾಕ್ ನಿಲ್ಲುಸ್ಬುಟ್ಟೆ?" ಅಂದಳು ಅವ್ವ.

"ಗಂಟ್ಲು ಕಟ್ಟೈತೆ ಕಣವ್ವ."

ಕ್ರಿಸ್‌ಮಸ್ಸಿನ ಹಾಡು ಎತ್ತಿಕೊಂಡೆ. "ಅದಲ್ಲ" ಅಂದಳು. ಎಂಟಕ್ಕೆ ಬಿ.ಪಿ. ಏರಿಯೇ ಇತ್ತು. ಡಾಕ್ಟರು ಮಾತ್ರೆ ಕೊಡಿಸಿ, ಒಂದು ಗಂಟೆ ನೋಡೋಣ, ಇಳಿಯದಿದ್ದರೆ ಮುಂದಿನ ವಾರ ಎಂದು ಹೋದರು. ಮುಂದಿನ ವಾರ! ನನಗೆ ಅಜ್ಜಿಯ ಮೇಲೆ, ಹಾಡಿನ ಮೇಲೆ, ಈ ವಯಸ್ಸಿನಲ್ಲಿ ಸೊಪ್ಪು ಹೊರಲು ಹೋದ ಅವ್ವನ ಮೇಲೆ, ಎಲ್ಲರ ಮೇಲೂ ರೇಗಿತು.

ಅವ್ವ ಕಣ್ಣು ಮುಚ್ಚಿಕೊಂಡೇ ಮಾತಾಡಿದಳು. "ಆವಮ್ಮ ಅಂದಿದ್ದು ನಂಗೂ ಕೇಳುಸ್ತು ಕಣ್ ಮಗ. ಮುರ್ದಿರೋದು ಕಾಲು, ಕಿವಿ ಅಲ್ಲ. ಪೆಟ್ಗೇಲಿ ಮಲ್ಗಿರೋನ್ಗೆ ಪದ ಏನ್ ಕೇಳ್ಸಾತು? ಸುತ್ತ ನಿಂತ್ಕೊಂಡ್ ಅಳ್ತಿರೋರ್ಗೆ ತಾನೆ ಅದು? ನೀನೂ ಅಂಗೇ ನಿಂತಿದ್ದೀಯ. ಯೋಳು."

ವಾರ್ಡನ್ ಅಮ್ಮ ಗಂಡನನ್ನು ಕಳೆದುಕೊಂಡವರು ಎಂಬುದು ನನಗೆ ಆಗ ನೆನಪಾಯಿತು. ಇಬ್ಬರು ಹಿಡಿಯಬೇಕಾದ ಚಾದರವನ್ನು ಅವರು ಗೋಡೆಯ ಮೊಳೆಗೆ ಸಿಕ್ಕಿಸಿ ಒಬ್ಬರೇ ಮಡಚುತ್ತಿದ್ದರು.

ಹಾಡಿದೆ. ಸ್ವರ ನೆಟ್ಟಗಿರಲಿಲ್ಲ. ಎರಡನೇ ಚರಣದಲ್ಲಿ ಗಂಟಲು ನಿಜವಾಗಿಯೂ ಕಟ್ಟಿತು. ಆಗ ಪಕ್ಕದ ಮಂಚದಿಂದ ಅಜ್ಜಿ ಎತ್ತಿಕೊಂಡರು, ನನಗಿಂತ ನಿಧಾನವಾಗಿ, ನಡುಗುವ ದನಿಯಲ್ಲಿ. ಯಜಮಾನರು ಹೋದ ಮೇಲೆ ಅವರು ಅದನ್ನು ಹಾಡಿಯೇ ಇರಲಿಲ್ಲವಂತೆ. ಒಂಬತ್ತಕ್ಕೆ ಬಿ.ಪಿ. ಇಳಿದಿತ್ತು. ಹಾಡಿನಿಂದ ಎಂದರೆ ನನ್ನ ಜೊತೆಯ ನರ್ಸ್‌ಗಳು ನಗುತ್ತಾರೆ, ಮಾತ್ರೆಯ ಕೆಲಸವೇ ಇರಬೇಕು.

ಟ್ರಾಲಿಯ ಜೊತೆ ಹಾಡುತ್ತಲೇ ನಡೆದೆ. ಯಾರು ನೋಡಿದರೋ, ಏನಂದುಕೊಂಡರೋ. ಮೂರನೇ ಚರಣದ ನಡುವೆ ಥಿಯೇಟರಿನ ಬಾಗಿಲು ಮುಚ್ಚಿತು. ಉಳಿದದ್ದನ್ನು ಹಾಡಲು ನನ್ನಿಂದ ಆಗಲಿಲ್ಲ. ಎರಡು ಗಂಟೆ ಕಾರಿಡಾರಿನಲ್ಲಿ ಓಡಾಡಿದೆ. ಕುರ್ಚಿ ಖಾಲಿ ಇತ್ತು, ಕೂರಲಿಲ್ಲ. ಭಕ್ತಿಗೀತೆ ಕೇಳಿದರೆ ನೆಮ್ಮದಿ ಸಿಗುತ್ತದೆ ಎನ್ನುವವರನ್ನು ಕಂಡರೆ ಅಂದಿನಿಂದ ನನಗೆ ಸ್ವಲ್ಪ ಸಿಟ್ಟು. ನನಗೆ ಒಂದು ಚೂರೂ ನೆಮ್ಮದಿ ಸಿಗಲಿಲ್ಲ. ಬ್ಯಾಗ್ ಬಿಚ್ಚಿದ ದಿನದ ಹಾಗೆ ಎಲ್ಲಿಗೂ ಓಡಿಹೋಗದೆ ಅಲ್ಲೇ ಇದ್ದೆ, ಅಷ್ಟೇ.

ಬಾಗಿಲು ತೆರೆಯಿತು. ಅವ್ವನ ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು. ಅಭ್ಯಾಸಬಲದಿಂದ ನಾಡಿ ಹಿಡಿದು ನೋಡಿದೆ, ಸರಿಯಾಗಿತ್ತು. ಮಂಪರಿನಲ್ಲೇ ಅವಳು ನನ್ನ ಕೈ ಎಳೆದಳು.

"ಬಾಗ್ಲಾಕ್ಬುಟ್ರು ಕಣವ್ವ" ಅಂದಳು. "ಮಿಕ್ಕಿದ್ದು ಯೋಳು."