ಬ್ರೆಡ್ಡಿನಿಂದ ಮುದ್ದೆಯವರೆಗೆ

ನನಗೆ ಬ್ರೆಡ್ಡು ಕಂಡರೆ ಭಯ. ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಊರುಗಳಲ್ಲಿ ಹುಲಿಗೆ ಹೆದರುವವರನ್ನು ನೋಡಿ ಯಾರೂ ನಗುವುದಿಲ್ಲ. ಬ್ರೆಡ್ಡಿಗೆ ಹೆದರುತ್ತೇನೆಂದರೆ ನಗುತ್ತಾರೆ. ನಗಲಿ. ನಮ್ಮ ಮಾಂಬಳ್ಳಿಯಲ್ಲಿ ಬ್ರೆಡ್ಡು ತಿಂಡಿಯಲ್ಲ, ಕಾಯಿಲೆಯ ಗುರುತು. ಯಾರಾದರೂ ಕಾಗದ ಸುತ್ತಿದ ಬ್ರೆಡ್ಡು ಹಿಡಿದು ಕೊಳ್ಳೇಗಾಲದ ಬಸ್ಸಿನಿಂದ ಇಳಿದರೆ, ಎದುರು ಸಿಕ್ಕವರು ಕೇಳುವ ಮೊದಲ ಮಾತು, "ಯಾರ್ಗೆ ಉಸಾರಿಲ್ಲ?"

ಒಂದು ಸಲ ಹಾಗೆ ಹುಷಾರಿಲ್ಲದವನು ನಾನೇ ಆದೆ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ, ಇನ್ನು ಹಾಯಾಗಿರೋಣ ಎಂದುಕೊಳ್ಳುವಷ್ಟರಲ್ಲಿ ಹೊಟ್ಟೆನೋವು ಅಮರಿಕೊಂಡಿತು. ಮೈಸೂರಿನ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು, ಹೊಲಿದು, ಹೊಲಿಗೆ ಬಿಚ್ಚಿ ಕಳಿಸಿದರು. ಹೊರಡುವಾಗ ನಾನು ಡಾಕ್ಟರನ್ನು ಕೇಳಿದೆ, ಮುದ್ದೆ ಉಣ್ಣಬಹುದೇ ಎಂದು. ಆ ಪುಣ್ಯಾತ್ಮ ನಕ್ಕು, "ಧಾರಾಳವಾಗಿ ಉಣ್ಣಿ, ನಾನೂ ಅದನ್ನೇ ಉಣ್ಣೋದು" ಎಂದರು.

ಮನೆ ಬಾಗಿಲಲ್ಲಿ ನನ್ನ ಹೆಂಡತಿ ನಂಜಮ್ಮ ಆರತಿ ಎತ್ತಿ, ಹಣೆಗೆ ವಿಭೂತಿ ಇಟ್ಟು ಒಳಗೆ ಕರೆದಳು. ನಾನು ಕೂತು ಸುಧಾರಿಸಿಕೊಂಡ ಮೇಲೆ ಹೇಳಿದಳು: "ನೀವು ನೆಲದ ಮ್ಯಾಲೆ ಕುಂತು ಮುದ್ದೆ ಉಣ್ಣೋಗಂಟ ನಾನೂ ಮುದ್ದೆ ಮುಟ್ಟಕಿಲ್ಲ ಅಂತ ಮಾದಪ್ಪನಿಗೆ ಯೋಳ್ಕಂಡಿವ್ನಿ ಕಣ್ರಿ." ನಾನು ಆಸ್ಪತ್ರೆಗೆ ಹೋದ ದಿನದಿಂದ ಅವಳ ಹೊಟ್ಟೆಗೆ ಬರೀ ಗಂಜಿಯಂತೆ. ನನಗಾಗಿ ಒಬ್ಬರು ದೇವರಿಗೆ ಹರಕೆ ಹೊತ್ತಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಮರುದಿನವೇ ಮುದ್ದೆ ಉಂಡು ಅವಳ ಹರಕೆ ತೀರಿಸುವುದೆಂದು ಮನಸ್ಸು ಮಾಡಿದೆ.

ಅಷ್ಟರಲ್ಲಿ ಬಂದ ಪಕ್ಕದ ಮನೆಯ ಬಸಪ್ಪ. ಬೆಲ್ಲದ ವ್ಯಾಪಾರಿ, ಸಂತೆ ಸಂತೆಗೂ ಕೊಳ್ಳೇಗಾಲಕ್ಕೆ ಹೋಗುವವನು. ಕೈಯಲ್ಲಿ ಬ್ರೆಡ್ಡು. ಜಗಲಿಯ ಮೇಲೆ ಕೂತು ದನಿ ತಗ್ಗಿಸಿ, "ಮುದ್ದೆ ಗಿದ್ದೆ ಅಂದೀರಿ ಸಾ, ಕುಯ್ದಿರೋ ಜಾಗ ಒಳಗ್ನಿಂದ ಬುಟ್ಕತದೆ. ವಸಿ ದಿನ ತಡೀರಿ" ಎಂದ. ವಿಜ್ಞಾನ ಓದಿದವನು ನಾನು. ಜೀರ್ಣಾಂಗಗಳ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿಕೊಂಡೇ ಬರೆಯುತ್ತಿದ್ದೆ. ಆದರೆ ಹಲಗೆಯ ಮೇಲಿನ ಹೊಟ್ಟೆ ಬೇರೆ, ನನ್ನ ಹೊಟ್ಟೆ ಬೇರೆ. ಡಾಕ್ಟರ ಮಾತು ಮೈಸೂರಿನಲ್ಲೇ ಉಳಿಯಿತು, ಬಸಪ್ಪನ ಮಾತು ಮನೆಯೊಳಗೆ ಬಂತು.

ಅಂದಿನಿಂದ ಬ್ರೆಡ್ಡೋ ಬ್ರೆಡ್ಡು. ಕೊಳ್ಳೇಗಾಲ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು, ನಮ್ಮ ಯಳಂದೂರು ಸೀಮೆ ಮೈಸೂರಿಗೆ. ಮದರಾಸಿನ ಬ್ರೆಡ್ಡು ಮೈಸೂರಿನ ಹೊಟ್ಟೆಗೆ ಹೀಗೆ ಧಾರಾಳವಾಗಿ ಬಂದು ಬೀಳುವುದನ್ನು ಎರಡು ಸರ್ಕಾರಗಳೂ ಕಂಡೂ ಕಾಣದಂತಿದ್ದವು. ನೋಡಲು ಬಂದವರೆಲ್ಲ ಒಂದೊಂದು ತಂದರು. ಹಾಲಿನಲ್ಲಿ ಅದ್ದಿ ತಿಂದೆ, ಕಾಫಿಯಲ್ಲಿ ಅದ್ದಿ ತಿಂದೆ. ನಾಳೆ ಮುದ್ದೆ, ನಾಳೆ ಮುದ್ದೆ ಎನ್ನುತ್ತಲೇ ಕುರ್ಚಿ ಬಿಟ್ಟು ನೆಲಕ್ಕಿಳಿಯಲಿಲ್ಲ. ರೋಗಿಯಾಗಿರುವುದರಲ್ಲೂ ಒಂದು ಸುಖವಿದೆ, ಸುಳ್ಳೇಕೆ ಹೇಳಲಿ? ಎಲ್ಲರೂ ಮೆಲ್ಲಗೆ ಮಾತನಾಡಿಸುತ್ತಾರೆ, ಯಾರೂ ಕೆಲಸ ಹೇಳುವುದಿಲ್ಲ.

ಒಂದು ಸಂಜೆ ನಡುಮನೆಯಲ್ಲಿ ನಂಜಮ್ಮ ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಸದ್ದು ನಮ್ಮ ಮನೆಯಲ್ಲಿ ಇದ್ದೇ ಇರುವುದು. ಅದನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ಅವತ್ತು ಅದು ನಡುವೆ ನಿಂತಾಗ ಕೇಳಿಸಿತು. ತಿರುಗಿ ನೋಡಿದೆ. ಕಲ್ಲಿನ ಗೂಟ ಹಿಡಿದು, ತಲೆ ತಗ್ಗಿಸಿ, ಉಸಿರು ತೆಗೆದುಕೊಳ್ಳುತ್ತಿದ್ದಳು. ಕೈಬಳೆಗಳು ಸಡಿಲವಾಗಿ ಮೊಣಕೈವರೆಗೂ ಜಾರಿದ್ದವು. ಮಗ ಸೊಸೆಯ ಊಟಕ್ಕೆಂದು ಅವಳು ಬೀಸುತ್ತಿದ್ದ ಹಿಟ್ಟಿನಲ್ಲಿ ಅವಳಿಗೊಂದು ತುತ್ತೂ ಇರಲಿಲ್ಲ. ನನ್ನ ಮಡಿಲಲ್ಲಿ ಅರ್ಧ ತಿಂದ ಬ್ರೆಡ್ಡಿತ್ತು. ನನಗೆ ಅಳು ಬಂತು.

"ಇವತ್ತು ನನಗೂ ಒಂದು ಮುದ್ದೆ ಕಟ್ಟು" ಎಂದೆ.

"ಎದ್ರಿಕೆ ಓಯ್ತಾ?"

"ಇಲ್ಲ. ಇದೆ."

"ಅಂಗಾರೆ ಚಿಕ್ಕದು ಕಟ್ತೀನಿ" ಎಂದು ಒಲೆಯ ಕಡೆ ಹೋದಳು.

ಗೋಡೆ ಹಿಡಿದು ನೆಲಕ್ಕಿಳಿದು ಚಕ್ಕಳಮಕ್ಕಳ ಹಾಕುವಷ್ಟರಲ್ಲಿ ಬೆವತುಹೋದೆ. ತಟ್ಟೆಯಲ್ಲಿ ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ, ಸೊಪ್ಪಿನ ಉಪ್ಪುಸಾರು. ಮೊದಲ ತುತ್ತನ್ನು ಸಾರಿನಲ್ಲಿ ಹೊರಳಿಸಿ ನುಂಗಿದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಬಾಗಿಲಲ್ಲಿ ಸೊಸೆ ನಿಂತಿದ್ದಳು, ಅವಳ ಹಿಂದೆ ಬಸಪ್ಪ, ಕೈಯಲ್ಲಿ ಹೊಸ ಬ್ರೆಡ್ಡು. ಏನೂ ಆಗಲಿಲ್ಲ. ಎರಡನೆಯ ತುತ್ತಿಗೂ ಆಗಲಿಲ್ಲ. ಮೂರನೆಯದಕ್ಕೆ ಇನ್ನಷ್ಟು ಸಾರು ಬೇಕೆನಿಸಿತು.

ಸಾರು ಕೇಳೋಣವೆಂದು ತಲೆಯೆತ್ತಿದರೆ ನಂಜಮ್ಮ ಅಲ್ಲಿಲ್ಲ. ನಾನು ಉಂಡೇಳುವ ತನಕ ಎಂದೂ ಊಟಕ್ಕೆ ಕೂರದವಳು, ಒಲೆಯ ಮುಂದೆ ತಟ್ಟೆ ಹಾಕಿಕೊಂಡು ಕೂತುಬಿಟ್ಟಿದ್ದಳು. ಅವಳ ಮುದ್ದೆ ನನ್ನದರ ಮೂರರಷ್ಟಿತ್ತು. "ಮಾದಪ್ಪಂಗೆ ಯೋಳಿದ್ದು ಮುಗೀತು. ಸಾರು ಬೇಕಾದ್ರೆ ನೀವೇ ಎದ್ದು ಬಡಿಸ್ಕಳಿ" ಎಂದಳು.

ಎದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಯಾರೋ ನನಗೆ ಮೊದಲ ಸಲ ಕೆಲಸ ಹೇಳಿದ್ದರು. ಸಾರಿನ ಪಾತ್ರೆ ತಂದು ಮೊದಲು ಅವಳ ತಟ್ಟೆಗೆ ಬಡಿಸಿದೆ. ಆಸ್ಪತ್ರೆಯಿಂದ ಮನೆಗೆ ಬಂದವನು ನಾನೊಬ್ಬನೇ. ಆದರೆ ಕಾಯಿಲೆಯಿಂದ ಎದ್ದದ್ದು ಇಬ್ಬರೂ, ಅದೂ ಅವತ್ತೇ.